ಮಾಳಿಗೆಗೆ ಒಂದೊಂದು ಪುಟ್ಟಿ ಮಣ್ಣು

ಆದೋನಿ
10 ಫೆಬ್ರವರಿ 2025

ತಾಯಿ ಲಿಂಗಕ್ಕ,

ನಿನ್ನ ಫೋನು ಬಂದಿತ್ತೆಂದು ಮಹಾಂತಮ್ಮ ಹೇಳಿದಳು. ನನ್ನ ಎಡಗಿವಿ ಈಗ ಪೂರ್ತಿ ಕೈಕೊಟ್ಟಿದೆ. ಬಲಗಿವಿಗೆ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು ಕೇಳುತ್ತದೆ. ಮೆಷಿನ್ ಹಾಕಿಕೊಂಡರೆ ಹತ್ತಿ ಜಿನ್ನಿಂಗ್ ಮಿಲ್ಲಿನೊಳಗೆ ಕೂತ ಹಾಗಾಗುತ್ತದೆ. ಹೀಗಾಗಿ ಮನೆಯಾಕೆಯ ಬೈಗುಳವೂ ಇಲ್ಲ, ನಿನ್ನ ಮಾತೂ ಇಲ್ಲ. ಮೊದಲನೆಯದರ ಬಗ್ಗೆ ನನಗೇನೂ ದುಃಖವಿಲ್ಲ. ಮೊಬೈಲಿನಲ್ಲಿ ಅಕ್ಷರ ಒತ್ತಲು ನನ್ನ ಬೆರಳು ದಪ್ಪ, ಆದ್ದರಿಂದ ಕಾಗದವೇ ಗತಿ. ನೀನೂ ಕಾಗದವನ್ನೇ ಬರೆ. ಹಾಲಹರವಿಯ ಕನ್ನಡ ಶಾಲೆಯಲ್ಲಿ ಕಲಿತದ್ದನ್ನು ಬಿಲಾಸ್‌ಪುರದ ರೈಲ್ವೆ ನೌಕರಿ ಮರೆಸಿರಲಾರದು.

ಈಗ ವಿಷಯಕ್ಕೆ ಬರುತ್ತೇನೆ. ಕಾಲೇಜು ಕಮಿಟಿಯವರು ನಮ್ಮ ಹತ್ತಿಯಂಗಳವನ್ನು ಕೆಡವುತ್ತಾರಂತೆ. ಅದೇ ಜಾಗದಲ್ಲಿ ಹೊಸ ಬ್ಯಾಸ್ಕೆಟ್‌ಬಾಲ್ ಸ್ಟೇಡಿಯಂ, ತಗಡಿನ ಚಾವಣಿ, ಮರದ ನೆಲ, ಬಣ್ಣಬಣ್ಣದ ಕುರ್ಚಿ. ಅಧ್ಯಕ್ಷರು ನಕ್ಷೆ ಬಿಚ್ಚಿ ನನ್ನ ಕಿವಿಗೆ ಕೂಗಿದರು: "ಸಾರ್, ಊರೂರಿಗೆ ಇಂಥಾವು ಬಂದಾವ. ನಾವು ಇನ್ನಾ ಸೇಠ್‌ಗಳು ಹತ್ತಿ ತೂಗಿದ ಜಾಗದಾಗ ಮಕ್ಕಳನ್ನ ಆಡಸ್ತೀವಿ!"

ನಾನು ಸುಮ್ಮನಿರಲಿಲ್ಲ. ನಾಲ್ಕೂ ಕಡೆ ಮಣ್ಣಿನ ಮಾಳಿಗೆಯ ಪಡಸಾಲೆ, ನಡುವೆ ಕಲ್ಲುಹಾಸಿನ ಕೋರ್ಟು, ಪಡಸಾಲೆಯಲ್ಲಿ ಅರ್ಧ ಊರು, ಮಾಳಿಗೆಯ ಮೇಲೆ ಉಳಿದರ್ಧ ಊರು ಕೂತು ನೋಡುವ ಆಟ ಬೇರೆಲ್ಲಿದೆ ತೋರಿಸಿ ಎಂದೆ. ಮಾಳಿಗೆಯ ಮಣ್ಣಿನ ಮಾತನ್ನೂ ಎತ್ತಿದೆ. ಆಟ ಮುಗಿಸಿ ಕಾಲೇಜು ಬಿಡುವ ಮಕ್ಕಳೆಲ್ಲ ಜೂನಿನ ಮಿರಗದ ಮಳೆಗೆ ಮುಂಚೆ ತಮ್ಮೂರಿನ ಸವಳು ಮಣ್ಣನ್ನು ಒಂದೊಂದು ಪುಟ್ಟಿ ತಂದು, ಸೋರದಂತೆ ಮಾಳಿಗೆಗೆ ಹರವಿ, ತುಳಿದು ಹೋಗುತ್ತಾರೆ. ನಾನು ಆಟ ಕಲಿಸುವ ಪಿ.ಡಿ. ಆಗಿ ಬಂದ ವರ್ಷ ಶುರುವಾದದ್ದು, ಇವತ್ತಿಗೂ ನಿಂತಿಲ್ಲ. "ಇಷ್ಟು ಊರಿನ ಮಣ್ಣು ಹೊತ್ತ ಕಟ್ಟಡ ಅದು. ಅಲ್ಲಿ ಒಂದು ಕಲ್ಲೂ ಕದಲಬಾರ್ದು" ಅಂದೆ. ಅದನ್ನೇ ಮನವಿಯಾಗಿ ಬರೆದೂ ಕೊಟ್ಟಿದ್ದೇನೆ.

ಜೂನ್ ಕೊನೆಗೆ ಕಮಿಟಿ ತೀರ್ಮಾನ ಮಾಡುತ್ತದೆ. ನನ್ನ ಮಾತನ್ನು ಮುದುಕನ ಮಾತು ಅನ್ನುತ್ತಾರೆ. ನೀನು ದೇಶದ ತಂಡಕ್ಕೆ ಆಡಿದವಳು. ನನ್ನನ್ನು ಆಟಗಾರ್ತಿ ಮಾಡಿದ್ದು ಈ ಅಂಗಳ, ರಿಪೇರಿ ಮಾಡಿ ಉಳಿಸಿಕೊಳ್ಳಿ ಎಂದು ನೀನೊಂದು ಕಾಗದ ಬರೆದರೆ ಅವರ ಬಾಯಿ ಕಟ್ಟುತ್ತದೆ. ಬೇಗ ಕಳಿಸು.

ನಿನ್ನ ಸಾರ್,
ಗುರುಪಾದಯ್ಯ


ಬಿಲಾಸ್‌ಪುರ
2 ಮಾರ್ಚ್ 2025

ಪೂಜ್ಯ ಸಾರ್‌ಗೆ ಲಿಂಗಕ್ಕಳ ನಮಸ್ಕಾರಗಳು.

ಕನ್ನಡ ಮರೆತಿಲ್ಲ ಸಾರ್. ಕೈಬರಹ ಮಾತ್ರ ಕೋಳಿ ಕೆದರಿದ ಹಾಗಿದೆ, ಅದು ಆಗಲೂ ಹಾಗೇ ಇತ್ತು.

ಅಂಗಳದ ಸುದ್ದಿಯನ್ನು ಎರಡು ಸಲ ಓದಿದೆ. ನಾನು ಮೊದಲ ಸಲ ಬಂದಾಗ ಅವ್ವ ಹೊರಗೆ ಬಾಗಿಲಲ್ಲಿ ನಿಂತು "ಕುರಿ ಕಾಯೋ ಹುಡುಗಿಗೆ ಚೆಂಡಾಟ ಎದಕ್ಕರಿ ಸಾರ್?" ಅಂತ ಕೇಳಿದ್ದಳು. ನೀವು "ಕುರಿ ಹಿಂದ ಓಡಿದ ಕಾಲು ಅದಾವ ಯವ್ವಾ, ಯಾರೂ ಹಿಡಿಯಂಗಿಲ್ಲ" ಅಂದಿರಿ. ಆ ಮಾತು ಕೇಳಿ ನಾನು ಇನ್ನೂ ಜೋರಾಗಿ ಓಡಿದೆ. ಮಾಳಿಗೆ ಮೇಲಿನ ಜನ ಕಾಲು ಇಳಿಬಿಟ್ಟು ಗೋಡೆಗೆ ಹಿಮ್ಮಡಿಯಿಂದ ಬಡಿಯುವ ಸದ್ದು ನನಗೆ ಬೇರೆ ಯಾವ ಸ್ಟೇಡಿಯಂನಲ್ಲೂ ಕೇಳಿಸಲಿಲ್ಲ.

ಇಲ್ಲಿ ಈಗ ಚಿಕ್ಕ ಹುಡುಗಿಯರಿಗೆ ಆಟ ಕಲಿಸುವ ಕೆಲಸ ಕೊಟ್ಟಿದ್ದಾರೆ. ಬೆಳಗಾದರೆ ಕೋರ್ಟು, ಮಧ್ಯಾಹ್ನ ಆಫೀಸು. ಕಮಿಟಿಗೆ ಕಾಗದ ಬರೆಯುತ್ತೇನೆ ಸಾರ್, ಸ್ವಲ್ಪ ಸಮಯ ಕೊಡಿ. ಯೋಚಿಸಿ ಬರೆಯಬೇಕು. ಮಹಾಂತಮ್ಮನವರನ್ನು ಕೇಳಿದೆನೆಂದು ಹೇಳಿ.

ಲಿಂಗಕ್ಕ


ಆದೋನಿ
28 ಮಾರ್ಚ್ 2025

ಲಿಂಗಕ್ಕ,

ಯೋಚಿಸಿ ಬರೆಯುವಂಥದ್ದು ಏನಿದೆಯಮ್ಮ ಅದರಲ್ಲಿ? ನೀನೇನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತೀಯ.

ಒಳ್ಳೆಯ ಸುದ್ದಿ ಕೇಳು. ಕಮಿಟಿಯವರು ಕಟ್ಟಡ ನೋಡಲು ಒಬ್ಬ ಇಂಜಿನಿಯರನ್ನು ಕಳಿಸಿದ್ದರು. ಸಿದ್ದಲಿಂಗೇಶ್ ಅಂತ, ಗೋನೆಗಂಡ್ಲದವನು, ವಿನಯವಂತ. ಮಾಳಿಗೆ ಹತ್ತಿ ಕಬ್ಬಿಣದ ಸಲಾಕೆ ಇಳಿಸಿದ. ಅದು ಇಳಿಯುತ್ತಲೇ ಹೋಯಿತು. "ಏಂ ಸಾರ್, ಇದು ಮಾಳಿಗಿನೋ ಹೊಲಾನೋ?" ಅಂತ ನಕ್ಕ. ನಾನೂ ನಕ್ಕೆ. ಆಮೇಲೆ ಕೆಳಗೆ ಬಂದು ತೊಲೆಗಳನ್ನು ತಟ್ಟಿ, ಗೋಡೆ ಕೆರೆದು ನೋಡಿ, ನನ್ನ ಕಿವಿಗೆ ಕೂಗಿದ: "ಗ್ವಾಡಿ ಗಟ್ಟಿ ಅದಾವ ಸಾರ್. ಕೆಡವೋದು ಬ್ಯಾಡ, ರಿಪೇರಿ ಸಾಕು ಅಂತ ನಾ ಬರ್ದು ಕೊಡ್ತೀನಿ."

ಅವನ ಕೈ ಹಿಡಿದುಕೊಂಡುಬಿಟ್ಟೆ. ಅದಕ್ಕೆ ಮುಂಚೆ ಒಂದು ಕೆಲಸ ಆಗಬೇಕು ಅಂದಿದ್ದಾನೆ. ಸಣ್ಣದು, ಅದು ನನಗೆ ಬಿಡು. ನಿನ್ನ ಕಾಗದ, ಅವನ ವರದಿ, ಎರಡೂ ಸೇರಿದರೆ ಅಂಗಳ ಉಳಿಯಿತು ಅಂತಲೇ ತಿಳಿ.

ಈಗಿನ ತಂಡದಲ್ಲಿ ಹಾರಿಕಾ ಅಂತ ಒಬ್ಬಳು ಬಂದಿದ್ದಾಳೆ. ಮೇಲೆ ಹಾರಿದರೆ ಇಳಿಯುವುದನ್ನು ಮರೆತಳೇನೋ ಅನಿಸುತ್ತದೆ. ನಿನ್ನನ್ನೇ ನೋಡಿದ ಹಾಗಾಗುತ್ತದೆ.

ಗುರುಪಾದಯ್ಯ


ಆದೋನಿ
30 ಏಪ್ರಿಲ್ 2025

ಲಿಂಗಕ್ಕ,

ನಿನ್ನಿಂದ ಕಾಗದವಿಲ್ಲ. ಅಂಚೆಯವನು ಬೀದಿ ದಾಟಿ ಹೋಗುವವರೆಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಮಹಾಂತಮ್ಮ ಬಂದು ಕಿವಿಗೆ ಕೂಗುತ್ತಾಳೆ: "ಆಕಿ ದೊಡ್ಡಾಕಿ ಆಗ್ಯಾಳರಿ. ಸುಮ್ನ ಆಕೀನ್ಯಾಕ ಕಾಡ್ತೀರಿ?"

ದೊಡ್ಡವರಾದ ಮೇಲೆ ಸಣ್ಣ ಊರಿನ ಕಲ್ಲುಮಣ್ಣು ಯಾಕೆ ಬೇಕು ಎಂದು ನಿನಗೆ ಅನ್ನಿಸಿದ್ದರೆ ಅದನ್ನೇ ಬರೆದುಬಿಡು. ನಾನೇನೂ ತಪ್ಪು ತಿಳಿದುಕೊಳ್ಳುವುದಿಲ್ಲ. ಇಲ್ಲ, ತಿಳಿದುಕೊಳ್ಳುತ್ತೇನೆ. ಸುಳ್ಳು ಯಾಕೆ ಹೇಳಲಿ.

ಗುರುಪಾದಯ್ಯ


ಬಿಲಾಸ್‌ಪುರ
14 ಮೇ 2025

ಸಾರ್,

ನಿಮ್ಮ ಕಾಗದ ಓದಿ ಅತ್ತೆ. ಹಾಗೆಲ್ಲ ಅನ್ನಬೇಡಿ. ನಾನು ಎಷ್ಟೇ ದೊಡ್ಡವಳಾದರೂ ನೀವು ಸೀಟಿ ಊದಿದರೆ ಈಗಲೂ ಎದ್ದು ನಿಲ್ಲುತ್ತೇನೆ.

ಕಮಿಟಿಗೆ ಬರೆಯಲು ಎಷ್ಟು ಸಲ ಕೂತೆನೋ. ಎರಡು ಸಾಲಿಗೆ ಪೆನ್ನು ನಿಲ್ಲುತ್ತದೆ. ಯಾಕೆಂದು ಕೇಳಬೇಡಿ. ಆದರೆ ಕಾಗದಕ್ಕಿಂತ ಒಳ್ಳೆಯದೊಂದನ್ನು ಮಾಡಿದ್ದೇನೆ. ಜೂನ್ ಒಂದು, ಭಾನುವಾರ, ನೀವು ಊರು ಬಿಟ್ಟು ಎಲ್ಲಿಗೂ ಹೋಗಬಾರದು. ನಮ್ಮ ಎರ್ರಿಸ್ವಾಮಿ, ಗೊತ್ತಲ್ಲ, ಫೌಲ್ ಮಾಡಿ ಮಾಡಿ ಹೊರಗೆ ಕೂರುತ್ತಿದ್ದವನು, ಎಲ್ಲ ಹೊತ್ತುಕೊಂಡಿದ್ದಾನೆ. "ನೀನು ಫಿಕರ್ ಮಾಡಬ್ಯಾಡ, ಊರಿಗೂರೇ ಕರಸ್ತೀನಿ" ಅಂದಿದ್ದಾನೆ. ಇನ್ನು ಹೇಳುವುದಿಲ್ಲ. ಕಮಿಟಿಯವರು ಕಣ್ಣಾರೆ ನೋಡಲಿ.

ನನಗೆ ರಜೆ ಸಿಗುವುದಿಲ್ಲ, ಬರಲಾಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಲಿಂಗಕ್ಕ


ಆದೋನಿ
3 ಜೂನ್ 2025

ಲಿಂಗಕ್ಕ,

ಬೇಗ ಓದು, ಓದಿ ಬೇಗ ಏನಾದರೂ ಮಾಡು.

ಭಾನುವಾರ ಬೆಳಿಗ್ಗೆ ಎರ್ರಿಸ್ವಾಮಿ ಬಂದು ನನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದ. ಅಂಗಳದ ಮುಂದೆ ಟ್ರ್ಯಾಕ್ಟರುಗಳು ನಿಂತಿದ್ದವು. ಉರುಕುಂದದವರು, ಗೋನೆಗಂಡ್ಲದವರು, ನಿಮ್ಮ ಹಾಲಹರವಿಯವರು, ಎಲ್ಲ ವರ್ಷದ ನನ್ನ ಮಕ್ಕಳು. ತಲೆ ನರೆತವರೂ ಇದ್ದರು, ಕಂಕುಳಲ್ಲಿ ಕೂಸು ಹೊತ್ತವರೂ ಇದ್ದರು. ಎಲ್ಲರ ತಲೆಯ ಮೇಲೂ ಒಂದೊಂದು ಪುಟ್ಟಿ. ಪುಟ್ಟಿಯ ತುಂಬ ಸವಳು ಮಣ್ಣು.

ಡೊಳ್ಳಿನವರು ಬೇರೆ ಬಂದಿದ್ದರು. ನನಗೆ ಎದೆಯಲ್ಲಿ ಗುದ್ದಿದಂತಾಗುತ್ತಿತ್ತು, ಕಿವಿಗೆ ಏನೂ ಇಲ್ಲ. ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತು ಕೈ ಎತ್ತಿದೆ. "ಬ್ಯಾಡ್ರಪಾ, ಬ್ಯಾಡ" ಅಂದೆ. ಅವರು ಪುಟ್ಟಿ ಇಳಿಸಿ ನನ್ನ ಕಾಲಿಗೆ ಬಿದ್ದು, ಮತ್ತೆ ಪುಟ್ಟಿ ಎತ್ತಿಕೊಂಡು ಮೇಲೆ ಹೋದರು. ಕೈ ಎತ್ತಿದ್ದು ಆಶೀರ್ವಾದಕ್ಕೆ ಅಂದುಕೊಂಡರು. ಬ್ಯಾಡ ಅಂದದ್ದು ಸಂಕೋಚಕ್ಕೆ ಅಂದುಕೊಂಡರು. ಎರ್ರಿಸ್ವಾಮಿ ನನ್ನನ್ನು ಪಕ್ಕಕ್ಕೆ ಸರಿಸಿ ಕಿವಿಗೆ ಕೂಗಿದ: "ಬ್ಯಾಡ ಅನಬ್ಯಾಡ್ರಿ ಸಾರ್. ಇದು ನಮ್ಮ ಋಣ. ಲಿಂಗಕ್ಕನ ಹೆಸರಿಲೆ ಒಂದು ದೊಡ್ಡ ಪುಟ್ಟಿ ತಂದೀನಿ." ಅದನ್ನು ಹಾಕುವಾಗ ಮೈಕಿನಲ್ಲಿ ನಿನ್ನ ಹೆಸರು ಹೇಳಿದರಂತೆ, ಜನ ಚಪ್ಪಾಳೆ ಹೊಡೆದದ್ದು ಕಂಡಿತು.

ಈಗ ಕೇಳು. ಸಿದ್ದಲಿಂಗೇಶ್ ಹೇಳಿದ ಕೆಲಸ ಸಣ್ಣದಲ್ಲ. ಅವನು ಹೇಳಿದ್ದು ಹೀಗೆ: "ಮಿರಗಕ್ಕ ಮೊದಲ ಹಳೇ ಮಣ್ಣೆಲ್ಲಾ ಇಳಸ್ರಿ ಸಾರ್. ಒಣಗಿದ ಭಾರಕ್ಕ ತೊಲಿ ಬಾಗ್ಯಾವ. ಅದು ಮಳಿ ಕುಡಿದ್ರ ತಡ್ಯಂಗಿಲ್ಲ." ಮನೆಯ ಮಾಳಿಗೆಯಾದರೆ ನಾವು ಹಳೆಯದನ್ನು ಕೆರೆದು ಹಾಕಿಯೇ ಹೊಸದು ಹರವುತ್ತೇವೆ. ಅಂಗಳದ್ದನ್ನು ಯಾರೂ ಕೆರೆಯಲಿಲ್ಲ. ಯಾರ ಪುಟ್ಟಿ ಎಂದು ಕೆರೆಯುವುದು? ನಾನೂ ಎರಡು ತಿಂಗಳು ದಿನಾ ಸಲಿಕೆ ಹಿಡಿದು ಮಾಳಿಗೆ ಹತ್ತುತ್ತಿದ್ದೆ, ಸುಮ್ಮನೆ ಇಳಿದು ಬರುತ್ತಿದ್ದೆ. ನಿಮಗೆಲ್ಲ ಹೇಳಿದರೆ ನೊಂದುಕೊಳ್ಳುತ್ತೀರಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಈಗ ಅದರ ಮೇಲೆ ನಾನೂರು ಪುಟ್ಟಿ.

ನಿನ್ನೆ ಎರ್ರಿಸ್ವಾಮಿಗೆ ಎಲ್ಲ ಹೇಳಿದೆ. ಅವನು ನಂಬಲಿಲ್ಲ. "ಅದು ಕಮಿಟಿಯವರ ನಾಟಕ ಸಾರ್. ಮಣ್ಣು ಇಳಿಸಿದ್ರ ಮಾಳಿಗಿ ಸೋರ್ತೈತಿ, ಆಮ್ಯಾಲೆ ಸೋರ್ತೈತಿ ಅಂತ ಕೆಡವ್ತಾರ." ನೀನು ಹೇಳಿದರೆ ಕೇಳುತ್ತಾನೆ. ನಿನ್ನ ಒಂದು ಮಾತಿಗೆ ಮಣ್ಣು ಹತ್ತಿಸಿದ ಜನ, ನಿನ್ನ ಒಂದು ಮಾತಿಗೆ ಇಳಿಸಿಯೂ ಇಳಿಸುತ್ತಾರೆ. ನಿನ್ನ ನಂಬರಿಗೆ ಮಹಾಂತಮ್ಮ ಮಾಡಿದರೆ ಸ್ವಿಚಾಫ್ ಬರುತ್ತಿದೆ. ಮೋಡ ಕಟ್ಟುತ್ತಿದೆ ತಾಯಿ.

ಗುರುಪಾದಯ್ಯ


ಬಿಲಾಸ್‌ಪುರ
15 ಜೂನ್ 2025

ಸಾರ್,

ನಿಮ್ಮ ಕಾಗದ ಕ್ವಾರ್ಟರ್ಸಿನ ಬಾಗಿಲಲ್ಲಿ ಬಿದ್ದಿತ್ತು. ನಾನು ಇವತ್ತೇ ಆಸ್ಪತ್ರೆಯಿಂದ ಬಂದೆ. ಓದಿದ ಕೂಡಲೇ ಎರ್ರಿಸ್ವಾಮಿಗೆ ಫೋನು ಮಾಡಿ ಬೈದೆ. ಬರುವ ಭಾನುವಾರ ಎಲ್ಲರನ್ನೂ ಕರೆದು ಇಳಿಸುತ್ತೇನೆ ಅಂದಿದ್ದಾನೆ. ನಾಳೆಯೇ ಇಳಿಸು ಅಂದೆ, ಬಿತ್ತನೆಯ ದಿನ, ವಾರದ ನಡುವೆ ಯಾರೂ ಬರುವುದಿಲ್ಲ ಅಂದ.

ಆಸ್ಪತ್ರೆ ಯಾಕೆ ಎಂದು ಕೇಳುತ್ತೀರಿ. ಮೊಣಕಾಲು ಸಾರ್, ಎರಡೂ. ಬಲಗಾಲಿಗೆ ಇದು ಎರಡನೆಯ ಆಪರೇಷನ್. ಆಡುವುದು ನಿಂತು ಬಹಳ ದಿನವಾಯಿತು. ಮೆಟ್ಟಿಲು ಇಳಿಯುವಾಗ ಹಿಂದಕ್ಕೆ ತಿರುಗಿ ಇಳಿಯುತ್ತೇನೆ. ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, ಚಿಕ್ಕಂದಿನಲ್ಲಿ ಯಾವ ನೆಲದ ಮೇಲೆ ಆಡಿದೆ ಎಂದು ಕೇಳಿದರು. ಕಲ್ಲು ಅಂದೆ. ಎಷ್ಟು ವರ್ಷ ಅಂದರು. ಹೇಳಿದೆ. ಅದಕ್ಕೇ ಹೀಗಾಗಿದೆ ಅಂದರು.

ಉಳಿಸಿ ಎಂದು ಬರೆಯಲು ಕೂತರೆ ಮೊಣಕಾಲು ನೋಯುತ್ತಿತ್ತು. ಕೆಡವಿ ಎಂದು ಬರೆಯಲು ಕೂತರೆ ನಿಮ್ಮ ಮುಖ ಕಣ್ಣಮುಂದೆ ಬರುತ್ತಿತ್ತು. ಯಾವುದನ್ನೂ ಬರೆಯಲಾಗದೆ ಮಣ್ಣು ಹಾಕಿಸಿದೆ. ಸುಳ್ಳು ಹೇಳದೆ ನಿಮ್ಮನ್ನು ಸಂತೋಷಪಡಿಸಬಹುದು ಅಂದುಕೊಂಡಿದ್ದೆ. ಎಂಥ ಬುದ್ಧಿ ನನ್ನದು!

ಅಂಗಳವನ್ನು ನಾನು ಬೈಯಲಾರೆ ಸಾರ್. ನನ್ನ ಅನ್ನ ಅದು. ಆದರೆ ನಿಮ್ಮ ಕಾಗದದಲ್ಲಿ ಹಾರಿಕಾಳ ಬಗ್ಗೆ ಓದಿದ ದಿನ ನನಗೆ ಊಟ ಸೇರಲಿಲ್ಲ.

ಒಂದು ಬೇಡಿಕೆ. ಇದನ್ನು ಯಾರಿಗೂ ಹೇಳಬೇಡಿ, ಎರ್ರಿಸ್ವಾಮಿಗೂ ಬೇಡ. ತಂಗಿಯ ಮದುವೆ ಎಂದು ರಜೆ ಹಾಕಿದ್ದೇನೆ. ನನ್ನ ಕಾಲಿನ ಸ್ಥಿತಿ ಇಲ್ಲಿ ಗೊತ್ತಾದರೆ ಹುಡುಗಿಯರನ್ನು ನನ್ನಿಂದ ಬಿಡಿಸಿ ಆಫೀಸಿನ ಮೂಲೆಗೆ ಕೂರಿಸುತ್ತಾರೆ. ಆ ಹುಡುಗಿಯರನ್ನು ಬಿಟ್ಟರೆ ನನಗೆ ಬೇರೆ ಏನಿದೆ? ನಮ್ಮೂರ ಮಾತು ರೈಲು ಹತ್ತಿ ಇಲ್ಲಿಗೆ ಬರುವುದು ತಡವಲ್ಲ. ನನ್ನ ಮೇಲೆ ಆಣೆ.

ಲಿಂಗಕ್ಕ


ಆದೋನಿ
26 ಜೂನ್ 2025

ತಾಯಿ,

ಎರ್ರಿಸ್ವಾಮಿ ನಿನಗೆ ಫೋನಿನಲ್ಲಿ ಹೇಳಿರುತ್ತಾನೆ. ಅವನು ನೋಡಿಲ್ಲ, ನಾನು ನೋಡಿದೆ, ಅದಕ್ಕೆ ಬರೆಯುತ್ತೇನೆ.

ಹದಿನೇಳನೇ ತಾರೀಕು. ಎರಡು ದಿನದಿಂದ ಬಿಟ್ಟೂಬಿಡದೆ ಮಳೆ. ಸಂಜೆ ಹುಡುಗಿಯರು ಆಟಕ್ಕೆಂದು ಬಂದು ಮೂಡಣ ಪಡಸಾಲೆಯಲ್ಲಿ ನಿಂತಿದ್ದರು. ಅವರನ್ನು ಮನೆಗೆ ಕಳಿಸೋಣ ಎಂದೇ ನಾನು ಕೊಡೆ ಹಿಡಿದು ಹೋಗಿದ್ದೆ. ನಾನು ಪಡುವಣ ಬಾಗಿಲಲ್ಲಿದ್ದೆ. ಹಾರಿಕಾಳ ತಲೆಯ ಮೇಲೆ ಮಣ್ಣು ಉದುರಿತು. ಅವಳು ಮೇಲೆ ನೋಡಿದವಳೇ ಸಿಕ್ಕವರ ಜಡೆ, ರಟ್ಟೆ ಹಿಡಿದು ಮಳೆಗೆ, ಕೋರ್ಟಿನ ನಡುವಿಗೆ ಎಳೆದಳು. ನನಗೆ ಸದ್ದು ಕೇಳಲಿಲ್ಲ ಲಿಂಗಕ್ಕ. ಹುಡುಗಿಯರೆಲ್ಲ ಬಾಯಿ ತೆರೆದದ್ದು ಕಂಡಿತು, ಆಮೇಲೆ ಅವರ ಹಿಂದೆ ಪಡಸಾಲೆ ಇರಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಅದೊಂದು ಶಿವನ ದಯೆ. ಉಳಿದ ಮೂರು ಕಡೆಯದನ್ನು ಕಮಿಟಿಯವರು ಒಂದೇ ವಾರದಲ್ಲಿ ಜೆಸಿಬಿ ತರಿಸಿ ಇಳಿಸಿದರು. ನಾನು ಬೇಡ ಅನ್ನಲಿಲ್ಲ. ಸಿದ್ದಲಿಂಗೇಶ್ ಬಂದಿದ್ದ. ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಕಾಗದ ಮಾಳಿಗೆ ಬಿದ್ದ ಮೂರನೇ ದಿನ ಬಂತು. ಓದಿ ಮಹಾಂತಮ್ಮನಿಗೂ ತೋರಿಸದೆ ಒಳಗಿಟ್ಟಿದ್ದೇನೆ. ಇನ್ನೂ ಹಾರು, ಇನ್ನೂ ಮೇಲೆ, ಎಂದು ನಿನ್ನನ್ನು ಕೂಗುತ್ತಿದ್ದದ್ದು ನಾನೇ ಅಲ್ಲವೇ. ಈಗ ಏನು ಹೇಳಲಿ. ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೀಯಾ? ಆಣೆಗೆ ತಪ್ಪುವುದಿಲ್ಲ.

ಗುರುಪಾದಯ್ಯ


ಬಿಲಾಸ್‌ಪುರ
20 ಜುಲೈ 2025

ಸಾರ್,

ಮಾಳಿಗೆ ಬಿದ್ದದ್ದು ಕೇಳಿದಾಗಿನಿಂದ ಆ ದೊಡ್ಡ ಪುಟ್ಟಿ ನನ್ನ ಹೆಸರಿನದು ಎಂಬುದೇ ತಲೆಯಲ್ಲಿ ಸುತ್ತುತ್ತದೆ.

ಆದರೂ ಒಂದು ಸಮಾಧಾನ ಹೇಳಲೇ? ಹೊಸದರಲ್ಲಿ ಮರದ ನೆಲ ಬರುತ್ತದಲ್ಲ. ಹಾರಿಕಾ ಎಷ್ಟಾದರೂ ಹಾರಲಿ. ನನಗೆ ಅಷ್ಟು ಸಾಕು ಸಾರ್, ನಿಮಗೂ ಸಾಕಾಗಲಿ. ಶಾಖ ಕೊಡುತ್ತಿದ್ದೇನೆ. ಕೋಲು ಬಿಟ್ಟು ನಡೆಯುತ್ತಿದ್ದೇನೆ.

ಲಿಂಗಕ್ಕ


ಆದೋನಿ
24 ಆಗಸ್ಟ್ 2025

ಲಿಂಗಕ್ಕ, ತಾಯಿ,

ಈ ಕಾಗದವನ್ನು ಬರೆಯದೆ ಇರೋಣ ಅಂದುಕೊಂಡಿದ್ದೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ ಎಂದು ಬರೆಯುತ್ತಿದ್ದೇನೆ.

ನಿನ್ನೆ ಕಮಿಟಿ ಸೇರಿತ್ತು. ನನ್ನನ್ನೂ ಗೌರವದಿಂದ ಕರೆದಿದ್ದರು. ಎರ್ರಿಸ್ವಾಮಿ, ಹಳೆಯ ಮಕ್ಕಳು, ಎಲ್ಲ ಬಂದಿದ್ದರು. ಮಾಳಿಗೆ ಬಿದ್ದ ಮೇಲೆ ಊರಿನಲ್ಲಿ ಎಲ್ಲರಿಗೂ ಅಂಗಳದ ಮೇಲೆ ಎಲ್ಲಿಲ್ಲದ ಪ್ರೀತಿ ಬಂದಿದೆ. ಅಧ್ಯಕ್ಷರೂ ಮೆತ್ತಗಾಗಿದ್ದಾರೆ. ಹೊಸ ಕಟ್ಟಡ ಬರುವುದು ಖಂಡಿತ. ಆದರೆ ಹಳೆಯದರ ಗುರುತು ಉಳಿಯಬೇಕು ಎಂದು ಎಲ್ಲರೂ ಪಟ್ಟು ಹಿಡಿದರು. ಉಳಿದಿರುವುದು ಒಂದೇ, ನೆಲ. ಅಷ್ಟು ಮಣ್ಣು ಬಿದ್ದರೂ ಒಂದು ಕಲ್ಲೂ ಬಿರುಕು ಬಿಟ್ಟಿಲ್ಲ. ಮರದ ನೆಲ ಕೈಬಿಟ್ಟು ಆ ಕಲ್ಲುಗಳನ್ನೇ ಹಾಗೆಯೇ ಉಳಿಸಿಕೊಂಡು ಸುತ್ತ ಹೊಸ ಗೋಡೆ ಎಬ್ಬಿಸುತ್ತಾರಂತೆ. ಅದಕ್ಕೆ ನಿನ್ನ ಹೆಸರಿಡುತ್ತಾರಂತೆ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಎರ್ರಿಸ್ವಾಮಿ ಅಳುತ್ತಿದ್ದ.

ನಾನು ಎದ್ದು ನಿಂತೆ. ಕಲ್ಲು ಬೇಡ, ಮಕ್ಕಳ ಮೊಣಕಾಲಿಗೆ ಕಲ್ಲು ಒಳ್ಳೆಯದಲ್ಲ, ಮರವನ್ನೇ ಹಾಕಿ ಎಂದೆ. ಅಧ್ಯಕ್ಷರು ಎದ್ದು ಬಂದು ನನ್ನ ಮನವಿಯನ್ನೇ ನನ್ನ ಮುಂದೆ ಹಿಡಿದರು. "ಒಂದು ಕಲ್ಲೂ ಕದಲಬಾರ್ದು ಅಂತ ನೀವ ಬರ್ದೀರಿ ಸಾರ್. ನಿಮ್ಮ ಮಾತಿಗೆ ನಾವು ಬೆಲಿ ಕೊಡ್ಲಿಕತ್ತೀವಿ." ನಾನು ಆಗ ತಿಳಿಯದೆ ಬರೆದೆ ಎಂದೆ. ಅವರು ನಕ್ಕು ನನ್ನ ಬಲಗಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕೂಗಿದರು:

"ಇಷ್ಟು ವರ್ಷ ಅದರ ಮ್ಯಾಲೆ ಆಡಿಸಿದವರು ನೀವ ಅಲ್ರಿ ಸಾರ್? ಲಿಂಗಕ್ಕ ಆಡ್ಲಿಲ್ಲೇನು? ಆಕಿಗೆ ಏನಾಗೇತಿ, ಹೇಳ್ರಿ ನೋಡಾಣ."

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೇಳಿದರೆ ನಿನ್ನ ಹುಡುಗಿಯರು ನಿನ್ನ ಕೈತಪ್ಪುತ್ತಾರೆ. ಹೇಳದಿದ್ದರೆ ನನ್ನ ಹುಡುಗಿಯರ ಮೊಣಕಾಲು ಹೋಗುತ್ತದೆ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ ನಿಂತೆ. ಆಮೇಲೆ, "ಏನೂ ಆಗಿಲ್ಲ" ಅಂದೆ. ಅಧ್ಯಕ್ಷರೇ ನನ್ನ ಭುಜ ಹಿಡಿದು ಕೂರಿಸಿದರು. ಮುದುಕರಿಗೆ ದುಃಖಕ್ಕೆ ಬುದ್ಧಿ ಕದಲಿದೆ ಎಂದು ಮಾತಾಡಿಕೊಂಡಿರಬೇಕು, ನನಗೆ ಕೇಳಿಸಲಿಲ್ಲ.

ನನ್ನನ್ನು ಆಣೆಯಿಂದ ಬಿಡಿಸು ಎಂದು ಕೇಳಲು ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಕೇಳುವುದಿಲ್ಲ. ನೀನು ಈಗಾಗಲೇ ಕೊಟ್ಟದ್ದು ಸಾಕು.

ಗೋಡೆ ಏಳುವವರೆಗೆ ಆಟ ನಿಲ್ಲಬಾರದು ಎಂದು ಮಣ್ಣು ಗುಡಿಸಿ, ಕಲ್ಲು ತೊಳೆದು ಕೊಟ್ಟಿದ್ದಾರೆ. ಇವತ್ತು ಸಂಜೆಯೂ ಹುಡುಗಿಯರು ಬಯಲಿನಲ್ಲೇ ಆಡಿದರು. ಹಾರಿಕಾ ಎಲ್ಲರಿಗಿಂತ ಎತ್ತರ ಹಾರುತ್ತಾಳೆ. ಮೊದಲು ನನ್ನನ್ನು ನೋಡಿ ನಗುತ್ತಾಳೆ, ಆಮೇಲೆ ಹಾರುತ್ತಾಳೆ. ನಾನೂ ನಗುತ್ತೇನೆ. ಅವಳು ನೆಲಕ್ಕೆ ಇಳಿಯುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಗುರುಪಾದಯ್ಯ